ಮೊಲದ ಕಥೆ ಬರೆದವಳು ಕುರಿ ಸಾಕೋಕೆ ಹೋಗಿದ್ದು

ಮಗಳಿಗೆ ಪೀಟರ್ ರ‍್ಯಾಬಿಟ್ ಕಥೆ ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. ಈಗ ನಾನು ಪುಟ ತಿರುಗಿಸೋಕೆ ಮುಂಚೇನೇ ಮುಂದಿನ ಸಾಲು ಅವಳ ಬಾಯಲ್ಲಿ ಬಂದಿರುತ್ತೆ. ಆದ್ರೆ ಮೊನ್ನೆ ರಾತ್ರಿ ಓದ್ತಾ ಓದ್ತಾ ಒಂದು ಕಡೆ ನಾನೇ ನಿಂತ್ಬಿಟ್ಟೆ. ತೋಟದ ಯಜಮಾನ ಮಿಸ್ಟರ್ ಮೆಕ್‌ಗ್ರೆಗರ್ ಅಟ್ಟಿಸ್ಕೊಂಡು ಬರ್ತಾನಲ್ಲ, ಆಗ ಪೀಟರ್‌ದು ಒಂದು ಶೂ ಕೋಸಿನ ಮಧ್ಯ ಬೀಳುತ್ತೆ, ಇನ್ನೊಂದು ಆಲೂಗಡ್ಡೆ ಗಿಡದ ಮಧ್ಯ ಬೀಳುತ್ತೆ, ಎರಡೂ ಕಳ್ಕೊಂಡ ಮೇಲೆ ಅವನು ನಾಲ್ಕು ಕಾಲಲ್ಲಿ ಓಡ್ತಾನೆ, ಮೊದಲಿಗಿಂತ ಜೋರಾಗಿ ಓಡ್ತಾನೆ. ಅಲ್ಲೀವರೆಗೂ ನೀಲಿ ಕೋಟು ಹಾಕ್ಕೊಂಡು ಎರಡು ಕಾಲಲ್ಲಿ ನಿಂತಿದ್ದ ಪುಟ್ಟ ಹುಡುಗ, ಜೀವಕ್ಕೆ ಬಂತು ಅಂದ ತಕ್ಷಣ ಅಪ್ಪಟ ಮೊಲ ಆಗ್ಬಿಡ್ತಾನೆ. ಆಮೇಲೆ ಕೋಟಿನ ದೊಡ್ಡ ಗುಂಡಿ ಗೂಸ್‌ಬೆರಿ ಬಲೆಗೆ ಸಿಕ್ಕಾಕೊಂಡು, ಕೋಟನ್ನೂ ಅಲ್ಲೇ ಬಿಟ್ಟು ಹಾರ್ತಾನೆ. ಆ ಚಿತ್ರಗಳನ್ನ ಸ್ವಲ್ಪ ಹತ್ರ ಹಿಡಿದು ನೋಡಿ, ಬೆನ್ನಿನ ಬಾಗು, ಹಿಂಗಾಲಿನ ಮಡಿಕೆ, ಕಿವಿ ಹಿಂದಕ್ಕೆ ಒರಗಿರೋದು, ಒಂದೂ ಸುಳ್ಳಿಲ್ಲ. ಬಟ್ಟೆ ಹಾಕಿದ್ರೂ ಒಳಗಿನ ಮೂಳೆ ಮೊಲದ್ದೇ.

ಇದು ಹೇಗೆ ಬಂತು ಈ ಕಥೆ, ಚಿತ್ರ ಬರೆದವಳಿಗೆ ಅಂತ ಹಿಂದೆ ಹೋಗಿ ಬಿಯಾಟ್ರಿಕ್ಸ್ ಪಾಟರ್ ಬಗ್ಗೆ ಓದ್ತಾ ಕೂತವಳು ವಾರಗಟ್ಲೆ ಹೊರಗೇ ಬರ್ಲಿಲ್ಲ. ಅದನ್ನೇ ಇಲ್ಲಿ ಬರೀತಿದೀನಿ. ಅವಳು ಅಂತ ಏಕವಚನದಲ್ಲೇ ಬರೀತೀನಿ, ಇಷ್ಟು ದಿನ ಜೊತೇಲಿದ್ದ ಮೇಲೆ ಅವರು ಇವರು ಅನ್ನೋಕೆ ಬಾಯಿ ಬರ್ತಿಲ್ಲ.

ಹುಟ್ಟಿದ್ದು 1866ರ ಜುಲೈ 28, ಲಂಡನ್‌ನ ಬೋಲ್ಟನ್ ಗಾರ್ಡನ್ಸ್‌ನಲ್ಲಿ. ಅಪ್ಪ ರೂಪರ್ಟ್ ಪಾಟರ್ ಬ್ಯಾರಿಸ್ಟರ್, ಆದ್ರೆ ಅವರ ಪ್ರಾಣ ಇದ್ದಿದ್ದು ಫೋಟೋ ತೆಗೆಯೋದ್ರಲ್ಲಿ. ಅಪ್ಪ ಅಮ್ಮ ಎರಡೂ ಕಡೆ ಹತ್ತಿ ವ್ಯಾಪಾರದ ದುಡ್ಡು, ಹಾಗಾಗಿ ಕೊರತೆ ಅನ್ನೋದು ಇರ್ಲಿಲ್ಲ. ಸ್ಕೂಲಿಗೆ ಕಳಿಸ್ಲಿಲ್ಲ, ಗವರ್ನೆಸ್‌ಗಳು ಮನೆಗೇ ಬರ್ತಿದ್ರು. ಓರಗೆಯ ಗೆಳತಿಯರು ಅಂತ ಹೇಳ್ಕೊಳ್ಳೋ ಹಾಗೆ ಇರ್ಲಿಲ್ಲ, ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಮ್ ಇದ್ದ. ಇಬ್ರೂ ಸೇರಿ ಮೇಲಿನ ಮಹಡಿಯ ಓದೋ ಕೋಣೆನ ಒಂದು ಚಿಕ್ಕ ಝೂ ಮಾಡ್ಕೊಂಡಿದ್ರು: ಇಲಿ, ಕಪ್ಪೆ, ಹಲ್ಲಿ, ಬಾವಲಿ, ಹೆಜ್‌ಹಾಗ್, ಮೊಲ. ಬೆಂಜಮಿನ್ ಬೌನ್ಸರ್ ಅನ್ನೋ ಮೊಲಕ್ಕೆ ಬೆಣ್ಣೆ ಹಚ್ಚಿದ ಬಿಸಿ ಟೋಸ್ಟ್ ಅಂದ್ರೆ ಜೀವ, ಟೀ ಗಂಟೆ ಹೊಡೆದ ಸದ್ದು ಕೇಳಿದ್ರೆ ಡ್ರಾಯಿಂಗ್ ರೂಮಿಗೆ ಓಡಿ ಬರ್ತಿತ್ತಂತೆ. ಇನ್ನೊಂದು ಮೊಲ ಪೀಟರ್ ಪೈಪರ್, ಅದನ್ನ ಶೆಪರ್ಡ್ಸ್ ಬುಷ್ ಹತ್ರ 4 ಶಿಲ್ಲಿಂಗ್ 6 ಪೆನ್ಸ್ ಕೊಟ್ಟು ತಂದಿದ್ದು, ಜಾಸ್ತಿ ಆಯ್ತು ಅಂತ ಇವಳೇ ಬರ್ಕೊಂಡಿದಾಳೆ. ನಮ್ಮ ಮಕ್ಕಳ ಕಪಾಟಲ್ಲಿರೋ ಪೀಟರ್ ಅವನೇ.

ಈ ಪ್ರಾಣಿಗಳನ್ನ ಅಕ್ಕ ತಮ್ಮ ಮುದ್ದು ಮಾಡ್ತಿದ್ರು ನಿಜ, ಆದ್ರೆ ಅಲ್ಲಿಗೇ ನಿಲ್ತಿರ್ಲಿಲ್ಲ. ಯಾವ್ದಾದ್ರೂ ಸತ್ರೆ ಕೆಲವು ಸಲ ಅದನ್ನ ಕುದಿಸಿ ಮೂಳೆ ಬಿಡಿಸಿ, ಜೋಡಿಸಿ, ಅಳತೆ ಮಾಡಿ ಚಿತ್ರ ಬರೀತಿದ್ರು. ಮೊದಲ ಸಲ ಓದಿದಾಗ ನಂಗೆ ಮೈ ಜುಮ್ಮಂದಿತ್ತು. ಈಗ ಹಾಗನ್ಸಲ್ಲ, ಇಷ್ಟಪಟ್ಟಿದ್ದನ್ನ ಪೂರ್ತಿ ತಿಳ್ಕೋಬೇಕು ಅನ್ನೋ ಹಟ ಅದು. ಅಪ್ಪನ ಸ್ನೇಹಿತರಾದ ದೊಡ್ಡ ಚಿತ್ರಕಾರ ಜಾನ್ ಎವರೆಟ್ ಮಿಲೈಸ್ ಇವಳಿಗೆ ಒಂದು ಮಾತು ಹೇಳಿದ್ರಂತೆ, ಚಿತ್ರ ಬರೆಯೋರು ಬೇಕಾದಷ್ಟು ಜನ ಇದಾರೆ, ನಿಂಗೆ ನೋಡೋ ಕಣ್ಣಿದೆ ಅಂತ. ಆ ಮಾತನ್ನ ಅವಳು ಡೈರಿಲಿ ಜೋಪಾನ ಮಾಡಿಟ್ಕೊಂಡಿದ್ಲು.

ಡೈರಿದೇ ಒಂದು ಕಥೆ. ಹದಿನೈದು ವರ್ಷದ ಆಸುಪಾಸಲ್ಲಿ ಶುರು ಮಾಡಿ ಮೂವತ್ತರವರೆಗೂ ಬರೆದಿದಾಳೆ, ಅಷ್ಟನ್ನೂ ತಾನೇ ಕಟ್ಟಿದ ಗುಪ್ತಲಿಪೀಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅವಳು ತೀರ್ಕೊಂಡ ಮೇಲೆ ಆ ಹಾಳೆಗಳು ಸಿಕ್ರೂ ಯಾರಿಗೂ ಓದೋಕಾಗ್ಲಿಲ್ಲ. ಲೆಸ್ಲಿ ಲಿಂಡರ್ ಅನ್ನೋ ಸಂಗ್ರಾಹಕ ವರ್ಷಗಟ್ಲೆ ತಲೆ ಕೆಡಿಸ್ಕೊಂಡು, ಇನ್ನು ಬಿಟ್ಬಿಡೋಣ ಅನ್ನೋ ಹೊತ್ತಿಗೆ 1958ರ ಈಸ್ಟರ್ ಸೋಮವಾರ ಒಂದು ಹಾಳೇಲಿ ರೋಮನ್ ಅಂಕಿಯ ಹದಿನಾರು ಮತ್ತು 1793 ಅನ್ನೋ ಇಸವಿ ಕಣ್ಣಿಗೆ ಬಿತ್ತು. ಫ್ರಾನ್ಸಿನ ಹದಿನಾರನೇ ಲೂಯಿಯ ತಲೆ ತೆಗೆದ ವರ್ಷ! ಅದೊಂದು ಎಳೆ ಹಿಡ್ಕೊಂಡು ಅವತ್ತೇ ಹೆಚ್ಚೂಕಡಿಮೆ ಇಡೀ ಲಿಪಿ ಬಿಡಿಸ್ಬಿಟ್ಟ. ಹಾಗಂತ ಡೈರೀಲಿ ಭಯಂಕರ ಗುಟ್ಟೇನೂ ಇರ್ಲಿಲ್ಲ, ನೋಡಿದ ಚಿತ್ರಪ್ರದರ್ಶನ, ಮನೆಗೆ ಬಂದೋರ ಮಾತು, ಹವಾಮಾನ, ಬೇಜಾರು ಇಂಥವೇ. ಅಷ್ಟನ್ನೂ ಮುಚ್ಚಿಟ್ಟು ಬರೆಯೋ ಹಾಗಿತ್ತಲ್ಲ ಆ ಮನೆ, ನಂಗೆ ಅದು ನೋವಾಗುತ್ತೆ.

ಲಂಡನ್ ಅಂದ್ರೆ ಅವಳಿಗೆ ಅಷ್ಟಕ್ಕಷ್ಟೆ. ಬೇಸಿಗೆ ಬಂತು ಅಂದ್ರೆ ಇಡೀ ಮನೆ ಸಾಮಾನು ಕಟ್ಕೊಂಡು ಸ್ಕಾಟ್ಲೆಂಡಿಗೆ, ಪರ್ತ್‌ಶೈರ್‌ನ ಡಾಲ್‌ಗೈಸ್‌ಗೆ ಹೋಗ್ತಿತ್ತು. 1882ರಲ್ಲಿ ಮೊದಲ ಸಲ ಉತ್ತರ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್, ವಿಂಡರ್‌ಮಿಯರ್ ಕೆರೆ ಪಕ್ಕದ ರೇ ಕ್ಯಾಸಲ್. ಅಲ್ಲಿಯ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಪರಿಚಯ ಆಗಿದ್ದು ಆಗ್ಲೇ. ಈ ಬೆಟ್ಟ ಕೆರೆಗಳನ್ನ ಹೀಗೇ ಬಿಟ್ರೆ ಉಳಿಯಲ್ಲ ಅಂತ ಊರೂರು ಹೇಳ್ಕೊಂಡು ತಿರುಗ್ತಿದ್ದ ಮನುಷ್ಯ, ಇಂಥ ಜಾಗಗಳನ್ನ ಉಳಿಸೋಕೆ ಅಂತ 1895ರಲ್ಲಿ ನ್ಯಾಷನಲ್ ಟ್ರಸ್ಟ್ ಕಟ್ಟಿದ ಮೂವರಲ್ಲಿ ಒಬ್ರು. ಈ ಹೆಸರು ನೆನಪಿಟ್ಕೊಳ್ಳಿ.

ಇನ್ನು ಅಣಬೆ. ಮಕ್ಕಳ ಪುಸ್ತಕ ಬರೆದೋಳು ಅಂತ ಗೊತ್ತಿರೋರಿಗೆ ಇದು ಅಷ್ಟು ಗೊತ್ತಿರಲ್ಲ. ಇಪ್ಪತ್ತರ ಹರೆಯದಲ್ಲಿ ಇವಳಿಗೆ ಹಿಡಿದಿದ್ದು ಅಣಬೆ ಹುಚ್ಚು. ಸ್ಕಾಟ್ಲೆಂಡಿನಲ್ಲಿ ಚಾರ್ಲ್ಸ್ ಮ್ಯಾಕಿಂಟಾಷ್ ಅಂತ ಒಬ್ಬ ಪೋಸ್ಟ್‌ಮ್ಯಾನ್, ಟಪಾಲು ಹೊತ್ಕೊಂಡು ಮೈಲಿಗಟ್ಲೆ ನಡೀತಾ ದಾರೀಲಿ ಕಂಡ ಪಾಚಿ, ಜರೀಗಿಡ, ಅಣಬೆ ಎಲ್ಲಾನೂ ಗುರುತಿಟ್ಕೊಂಡಿದ್ದ ಮಹಾ ಸಂಕೋಚದ ಮನುಷ್ಯ. ಇವರಿಬ್ಬರ ಮಧ್ಯೆ ಒಂದು ಚಂದದ ಒಪ್ಪಂದ ಆಯ್ತು, ಚಳಿಗಾಲದಲ್ಲಿ ಆತ ಅಣಬೆ ಮಾದರಿಗಳನ್ನ ಪೋಸ್ಟಲ್ಲಿ ಲಂಡನ್‌ಗೆ ಕಳಿಸೋದು, ಇವಳು ಅವುಗಳ ಚಿತ್ರ ಬರೆದು ಒಂದು ಪ್ರತಿ ಆತನಿಗೆ ಕಳಿಸೋದು. ಸುಮ್ನೆ ಮೇಲಿಂದ ನೋಡಿ ಬರೀಬೇಡಿ, ಸೀಳಿ ಒಳಗೂ ತೋರ್ಸಿ ಅಂತ ಆತ ಹೇಳ್ಕೊಟ್ಟ, ಇವಳು ಕಲಿತ್ಲು. ಕೊಡೆ, ಅದರ ಕೆಳಗಿನ ಪದರ, ಕಾಂಡದ ಅಡ್ಡಸೀಳು, ಬುಡಕ್ಕೆ ಅಂಟಿದ ತರಗೆಲೆ ಸಮೇತ ಆ ಚಿತ್ರಗಳಲ್ಲಿದೆ. ಆಂಬಲ್‌ಸೈಡ್‌ನ ಆರ್ಮಿಟ್ ಮ್ಯೂಸಿಯಂನಲ್ಲಿ ಈಗ್ಲೂ ಇವೆ ನೂರಾರು, ಅಣಬೆ ಗುರುತು ಹಿಡಿಯೋರು ಈಗ್ಲೂ ತೆಗೆದು ನೋಡೋವಷ್ಟು ಖಚಿತ.

ಚಿತ್ರಕ್ಕೆ ನಿಲ್ಲಲಿಲ್ಲ ಅವಳು. ಅಣಬೆಯ ಬೀಜಾಣು ಮೊಳಕೆ ಒಡೆಯೋದು ಹೇಗೆ ಅಂತ ಮನೇಲೇ ಬೆಳೆಸಿ, ಮೈಕ್ರೋಸ್ಕೋಪ್ ಕೆಳಗಿಟ್ಟು ದಿನಾ ನೋಡಿ ಬರ್ಕೊಂಡ್ಲು. ಮಾವ ಸರ್ ಹೆನ್ರಿ ರಾಸ್ಕೋ ಹೆಸರಾಂತ ರಸಾಯನ ವಿಜ್ಞಾನಿ, ಅವರೇ ಲಂಡನ್ನಿನ ದೊಡ್ಡ ಸಸ್ಯೋದ್ಯಾನ ಕ್ಯೂ ಗಾರ್ಡನ್ಸ್‌ಗೆ ಕರ್ಕೊಂಡು ಹೋದ್ರು, ಅಲ್ಲಿನ ದೊಡ್ಡೋರು ಹೆಚ್ಚಾಗಿ ಕಿವಿ ಕೊಡ್ಲಿಲ್ಲ. ಕೊನೆಗೆ 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿ ಅನ್ನೋ ಜೀವವಿಜ್ಞಾನಿಗಳ ಸಂಘದಲ್ಲಿ ಅವಳ ಪ್ರಬಂಧ ಮಂಡನೆ ಆಯ್ತು. ಮಂಡಿಸಿದ್ದು ಕ್ಯೂ ಗಾರ್ಡನ್ಸಿನ ಜಾರ್ಜ್ ಮ್ಯಾಸಿ, ಯಾಕಂದ್ರೆ ಹೆಂಗಸರಿಗೆ ಆ ಸಭೆಗೆ ಬಿಡ್ತಿರ್ಲಿಲ್ಲ. ಬೀಜಾಣು ಮೊಳೆಸಿದ ಕೈ ಇವಳದ್ದು, ಹಗಲು ರಾತ್ರಿ ಲೆನ್ಸಿಗೆ ಕಣ್ಣಿಟ್ಟವಳು ಇವಳು, ಆದ್ರೆ ಅವಳ ಮಾತನ್ನ ಅವಳ ಬಾಯಿಂದ ಕೇಳೋಕೆ ಆಗ್ಲಿಲ್ಲ ಆ ದೊಡ್ಡ ಮನುಷ್ಯರಿಗೆ. ಇನ್ನಷ್ಟು ಕೆಲಸ ಬೇಕು ಅನ್ನೋ ಮಾತು ಬಂದು ಅವಳು ಪ್ರಬಂಧ ವಾಪಸ್ ತಗೊಂಡ್ಲು, ಅದು ಅಚ್ಚಾಗ್ಲೇ ಇಲ್ಲ, ಪ್ರತಿ ಕೂಡ ಇವತ್ತಿಗೂ ಸಿಕ್ಕಿಲ್ಲ. ಸರಿಯಾಗಿ ನೂರು ವರ್ಷ ಆದ್ಮೇಲೆ 1997ರಲ್ಲಿ ಅದೇ ಸೊಸೈಟಿ, ಅವಳಿಗೆ ಅನ್ಯಾಯ ಆಗಿತ್ತು ಅಂತ ಒಪ್ಕೊಂಡ್ತು. ನಂಗೆ ಈ ಜಾಗಕ್ಕೆ ಬಂದಾಗೆಲ್ಲ ಸಿಟ್ಟು ಬರುತ್ತೆ, ಎಷ್ಟು ಸಲ ಓದಿದ್ರೂ ಬರುತ್ತೆ.

ಈ ಅಣಬೆ ವರ್ಷಗಳ ಮಧ್ಯದಲ್ಲೇ ಪೀಟರ್ ಹುಟ್ಟಿದ್ದು. ಅವಳ ಕೊನೇ ಗವರ್ನೆಸ್ ಆನಿ ಕಾರ್ಟರ್, ಇವಳಿಗಿಂತ ಮೂರೇ ವರ್ಷ ದೊಡ್ಡೋಳು, ಟೀಚರ್‌ಗಿಂತ ಗೆಳತಿ ಅನ್ಬೇಕು. ಮದುವೆ ಆಗಿ ಆನಿ ಮೂರ್ ಆದ್ಲು, ಮನೆ ತುಂಬಾ ಮಕ್ಕಳು. ಆ ಮಕ್ಕಳಿಗೆ ಬಿಯಾಟ್ರಿಕ್ಸ್ ಚಿತ್ರ ಬರೆದ ಕಾಗದ ಹಾಕ್ತಿದ್ಲು. ದೊಡ್ಡ ಮಗ ನೋಯೆಲ್‌ಗೆ ಐದು ವರ್ಷ, ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದ. 1893ರ ಸೆಪ್ಟೆಂಬರ್ 4, ಸ್ಕಾಟ್ಲೆಂಡಿನ ಡಂಕೆಲ್ಡ್‌ನಿಂದ ಅವನಿಗೆ ಕಾಗದ ಬರೀತಾಳೆ, ಏನು ಬರೀಲಿ ಅಂತ ಗೊತ್ತಾಗ್ತಿಲ್ಲ ಕಂದ, ಅದಕ್ಕೆ ನಾಲ್ಕು ಪುಟಾಣಿ ಮೊಲಗಳ ಕಥೆ ಹೇಳ್ತೀನಿ ಅಂತ ಶುರು ಮಾಡಿ. ಫ್ಲಾಪ್ಸಿ, ಮಾಪ್ಸಿ, ಕಾಟನ್‌ಟೇಲ್, ಪೀಟರ್. ಮಾರನೇ ದಿನ ಅವನ ತಮ್ಮನಿಗೆ ಇನ್ನೊಂದು ಕಾಗದ, ಅದ್ರಲ್ಲಿ ಮೀನು ಹಿಡಿಯೋಕೆ ಹೋದ ಕಪ್ಪೆ ಜೆರೆಮಿ ಫಿಶರ್. ಎರಡು ದಿನದಲ್ಲಿ ಎರಡು ಪುಸ್ತಕದ ಬೀಜ ಅಂಚೇಲಿ ಹೋಯ್ತು.

ಏಳು ವರ್ಷ ಹಾಗೇ ಕಳೀತು. 1900ರಲ್ಲಿ ಆನಿನೇ ಅಂದ್ಲಂತೆ, ಇದನ್ನ ಯಾಕೆ ಪುಸ್ತಕ ಮಾಡ್ಬಾರ್ದು ಅಂತ. ಪುಣ್ಯಕ್ಕೆ ನೋಯೆಲ್ ಕಾಗದ ಇಟ್ಕೊಂಡಿದ್ದ, ಅವನ ಹತ್ರ ಕಡ ಇಸ್ಕೊಂಡು ನಕಲು ಮಾಡಿ ಉದ್ದ ಮಾಡಿದ್ಲು. ಪಬ್ಲಿಷರ್‌ಗಳು ಒಬ್ಬೊಬ್ಬರಾಗಿ ಬೇಡ ಅಂದ್ರು. ಅವರಿಗೆ ದೊಡ್ಡ ಸೈಜು ಬೇಕು, ಪದ್ಯ ಬೇಕು, ಇವಳಿಗೆ ಪುಟ್ಟ ಮಕ್ಕಳ ಪುಟ್ಟ ಕೈಯಲ್ಲಿ ಹಿಡಿಯೋ ಅಷ್ಟು ಚಿಕ್ಕ ಪುಸ್ತಕ ಬೇಕು, ಬೆಲೇನೂ ಕಮ್ಮಿ ಇರ್ಬೇಕು. ಜಗ್ಲಿಲ್ಲ ಇವಳು. ಕೈಯಿಂದ ದುಡ್ಡು ಹಾಕಿ 1901ರ ಡಿಸೆಂಬರ್‌ನಲ್ಲಿ 250 ಪ್ರತಿ ತಾನೇ ಅಚ್ಚು ಹಾಕಿಸಿದ್ಲು, ಬೇಗ ಖಾಲಿಯಾಗಿ ಮತ್ತೆ 200 ಹಾಕಿಸ್ಬೇಕಾಯ್ತು. ಮೊದಲು ಬೇಡ ಅಂದಿದ್ದ ಫ್ರೆಡರಿಕ್ ವಾರ್ನ್ ಕಂಪನಿ ಆಗ ಮನಸ್ಸು ಬದಲಾಯಿಸ್ತು, ಚಿತ್ರಕ್ಕೆ ಬಣ್ಣ ಹಾಕೋದಾದ್ರೆ ತರ್ತೀವಿ ಅಂದ್ರು. 1902ರ ಅಕ್ಟೋಬರ್‌ನಲ್ಲಿ 8000 ಪ್ರತಿ ಬಂತು, ವರ್ಷ ಮುಗಿಯೋ ಹೊತ್ತಿಗೆ ಅಚ್ಚಾಗಿದ್ದು 28,000. ಮಾರನೇ ವರ್ಷ ತಾನೇ ಒಂದು ಪೀಟರ್ ಗೊಂಬೆ ಹೊಲಿದು ಪೇಟೆಂಟ್ ಆಫೀಸಲ್ಲಿ ನೋಂದಾಯಿಸಿದ್ಲು. ವ್ಯವಹಾರದಲ್ಲಿ ಅಷ್ಟು ಚುರುಕು ಅಂತ ಮನೇಲಿ ಯಾರೂ ಅಂದ್ಕೊಂಡಿರ್ಲಿಲ್ಲ ಅನ್ಸುತ್ತೆ.

ಇನ್ನೊಂದು ಅಂದ್ರೆ, ಅವಳ ಕಥೆಗಳಲ್ಲಿ ಪ್ರಪಂಚ ಮೆತ್ತಗಿಲ್ಲ. ಪೀಟರ್‌ನ ಅಪ್ಪನ್ನ ಮಿಸೆಸ್ ಮೆಕ್‌ಗ್ರೆಗರ್ ಪೈ ಮಾಡಿದ್ಲು ಅಂತ ಎರಡನೇ ಪುಟದಲ್ಲೇ ಹೇಳ್ಬಿಡ್ತಾಳೆ, ಅದೂ ತರಕಾರಿ ರೇಟು ಹೇಳೋ ಥರ. ನನ್ನ ಮಗಳು ಮೊದಲ ಸಲ ಕೇಳಿದಾಗ ಅಳ್ತಾಳೇನೋ ಅಂತ ನಾನು ತಡವರಿಸ್ದೆ. ಅವಳು ಒಂದು ಕ್ಷಣ ಸುಮ್ನಿದ್ದು, ಹಾಗಾದ್ರೆ ಇವನು ಅಲ್ಲಿಗ್ಯಾಕೆ ಹೋದ ಅಂದ್ಲು. ಮಕ್ಕಳಿಗೆ ಅರ್ಥ ಆಗುತ್ತೆ ಅಂತ ಬಿಯಾಟ್ರಿಕ್ಸ್‌ಗೆ ಗೊತ್ತಿತ್ತು.

ವಾರ್ನ್ ಕಂಪನಿಯಲ್ಲಿ ಅವಳ ಪುಸ್ತಕ ನೋಡ್ಕೊಳ್ತಿದ್ದಿದ್ದು ಅಣ್ಣತಮ್ಮಂದಿರಲ್ಲಿ ಕಿರಿಯವನಾದ ನಾರ್ಮನ್. ದಿನಾ ಕಾಗದ, ಈ ಚಿತ್ರ ಹೀಗಿರ್ಲಾ, ಈ ಸಾಲು ತೆಗೀಲಾ ಅಂತ. ಎರಡು ತುಂಟ ಇಲಿಗಳ ಪುಸ್ತಕ ಬರೆಯೋವಾಗ ಗೊಂಬೆಮನೆ ಬೇಕಾಯ್ತು, ನಾರ್ಮನ್ ತನ್ನ ಅಣ್ಣನ ಮಗಳಿಗೆ ಅಂತ ಕೈಯಾರೆ ಒಂದು ಕಟ್ಟಿದ್ದ, ಬಂದು ನೋಡ್ಕೊಂಡು ಬರೀರಿ ಅಂತ ಕರೆದ. ಅಮ್ಮ ಬಿಡ್ಲಿಲ್ಲ. ಆಗ ಅವಳಿಗೆ ಮೂವತ್ತೇಳು! ನಾರ್ಮನ್ ಬೇಜಾರು ಮಾಡ್ಕೊಳ್ದೆ ಆ ಮನೆ ಫೋಟೋ ತೆಗೆದು ಕಳಿಸ್ದ, ಗೊಂಬೆಗಳನ್ನೂ ಆಟಿಕೆ ಊಟದ ತಟ್ಟೆಗಳನ್ನೂ ಪಾರ್ಸೆಲ್ ಮಾಡ್ದ, ಇಲಿ ಓಡಾಡೋದು ಕಾಣ್ಲಿ ಅಂತ ಮುಂದೆ ಗಾಜು ಹಾಕಿದ ಪಂಜರ ಮಾಡ್ಕೊಟ್ಟ. ಇದಕ್ಕಿಂತ ಚಂದದ ಪ್ರೇಮ ನಾನು ಓದಿಲ್ಲ.

1905ರ ಜುಲೈ 25ಕ್ಕೆ ಮದುವೆ ಆಗ್ತೀಯಾ ಅಂತ ಕೇಳಿ ನಾರ್ಮನ್ ಕಾಗದ ಬರೆದ. ಅಪ್ಪ ಅಮ್ಮ ಆಗಲ್ಲ ಅಂದ್ರು, ಅಚ್ಚು ಪುಸ್ತಕದ ವ್ಯಾಪಾರ ಮಾಡೋನು ನಮಗೆ ಸಮ ಅಲ್ಲ ಅಂತ. ಹತ್ತಿ ವ್ಯಾಪಾರದ ದುಡ್ಡಲ್ಲಿ ಕೂತವರ ಮಾತು ಇದು. ಅವಳು ಎದುರು ನಿಂತು ಒಪ್ಕೊಂಡ್ಲು, ಉಂಗುರ ಹಾಕ್ಕೊಂಡ್ಲು, ಸದ್ಯಕ್ಕೆ ಯಾರಿಗೂ ಹೇಳೋದು ಬೇಡ ಅನ್ನೋದಕ್ಕೆ ಮಾತ್ರ ಒಪ್ಪಿದ್ಲು. ಅವಳು ಮನೆಯವರ ಜೊತೆ ವೇಲ್ಸ್‌ಗೆ ಹೋಗಿದ್ದಾಗ ನಾರ್ಮನ್‌ಗೆ ಕಾಯಿಲೆ ಬಿತ್ತು, ಆಗಸ್ಟ್ 25ಕ್ಕೆ ತೀರ್ಕೊಂಡ. ಕೇಳಿದ ದಿನದಿಂದ ಸರಿಯಾಗಿ ಒಂದು ತಿಂಗಳು. ಅವನಿಗೆ ಮೂವತ್ತೇಳು, ರಕ್ತದ ಕ್ಯಾನ್ಸರ್.

ಅದೇ ವರ್ಷ ಅವಳು ಲೇಕ್ ಡಿಸ್ಟ್ರಿಕ್ಟಿನ ನಿಯರ್ ಸಾರಿ ಅನ್ನೋ ಹಳ್ಳೀಲಿ ಹಿಲ್ ಟಾಪ್ ಅನ್ನೋ ಚಿಕ್ಕ ಫಾರ್ಮ್ ತಗೊಂಡ್ಲು, ಪುಸ್ತಕದ ರಾಯಲ್ಟಿ ಮತ್ತು ಸಂಬಂಧಿಯೊಬ್ಬರು ಬಿಟ್ಟುಹೋದ ಸ್ವಲ್ಪ ದುಡ್ಡಲ್ಲಿ. ಅಪ್ಪ ಅಮ್ಮನ್ನ ನೋಡ್ಕೋಬೇಕು ಅಂತ ಪೂರ್ತಿ ಅಲ್ಲೇ ಇರೋಕೆ ಆಗ್ತಿರ್ಲಿಲ್ಲ, ಸಿಕ್ಕ ನಾಲ್ಕು ದಿನ ಓಡಿ ಹೋಗೋದು. ಮುಂದಿನ ಎಂಟು ವರ್ಷದ ಪುಸ್ತಕಗಳಲ್ಲಿ ಆ ಮನೆ ಆ ಊರು ತುಂಬ್ಕೊಂಡಿದೆ. ಟಾಮ್ ಕಿಟನ್ ಗುಂಡಿ ಕಿತ್ಕೊಂಡು ಓಡಾಡಿದ ತೋಟ ಅದೇ, ಜೆಮೈಮಾ ಬಾತುಕೋಳಿಯ ಫಾರ್ಮ್ ಅದೇ, ಸ್ಯಾಮ್ಯುಯಲ್ ವಿಸ್ಕರ್ಸ್ ಅನ್ನೋ ಹೆಗ್ಗಣ ಬಂದಿದ್ದು ಆ ಮನೆ ಗೋಡೆಗಳ ಒಳಗಿದ್ದ ನಿಜವಾದ ಹೆಗ್ಗಣಗಳಿಂದ. ಒಟ್ಟು 23 ಪುಟ್ಟ ಪುಸ್ತಕ, ಅದರಲ್ಲಿ ಹೆಚ್ಚಿನವು 1913ರ ಒಳಗೇ ಮುಗಿದವು.

ಜಮೀನು ತಗೊಳ್ಳೋಕೆ ಕಾಗದಪತ್ರ ನೋಡ್ಕೊಟ್ಟ ಹಾಕ್ಸ್‌ಹೆಡ್‌ನ ವಕೀಲ ವಿಲಿಯಂ ಹೀಲಿಸ್ ಜೊತೆ 1913ರ ಅಕ್ಟೋಬರ್‌ನಲ್ಲಿ ಮದುವೆ ಆಯ್ತು. ಅವಳಿಗೆ ನಲವತ್ತೇಳು. ಈ ಸಲನೂ ಅಪ್ಪ ಅಮ್ಮನಿಗೆ ಹಳ್ಳಿ ವಕೀಲ ಸಾಲದಾದ, ಈ ಸಲನೂ ಅವಳು ಬಿಟ್ಕೊಡ್ಲಿಲ್ಲ. ಅಲ್ಲಿಂದ ಊರಲ್ಲಿ ಅವಳು ಮಿಸೆಸ್ ಹೀಲಿಸ್, ಹಾಗೇ ಕರೀಬೇಕು ಅಂತ ಅವಳಿಗೂ ಇಷ್ಟ.

ಪುಸ್ತಕ ಬರೆಯೋದು ಕಮ್ಮಿ ಆಗಿದ್ದಕ್ಕೆ ತುಂಬ ಜನ ಅಯ್ಯೋ ಅಂತಾರೆ, ಕಣ್ಣು ಮಂಜಾಗಿತ್ತು, ಬೇಸರ ಬಂದಿತ್ತು ಅಂತ. ಅದೂ ನಿಜ. ಆದ್ರೆ ಆ ನೋಡೋ ಕಣ್ಣು ಎಲ್ಲೂ ಹೋಗ್ಲಿಲ್ಲ, ಮೊಲದಿಂದ ಅಣಬೆಗೆ ಹೋದ ಹಾಗೆ ಈಗ ಕುರಿಗೆ ಬಂತು ಅಷ್ಟೆ. ಹರ್ಡ್‌ವಿಕ್ ಅಂತ ಆ ಬೆಟ್ಟದ ತಳಿ, ಮರಿ ಹುಟ್ಟೋವಾಗ ಕಪ್ಪು, ವರ್ಷ ಕಳೆದ ಹಾಗೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಉಣ್ಣೆ ಒರಟು, ಅದಕ್ಕೆ ಬೆಲೆ ಕಮ್ಮಿ, ಆದ್ರೆ ಎಂಥಾ ಹಿಮಗಾಳಿಗೂ ಜಗ್ಗಲ್ಲ. ಆ ಬೆಟ್ಟಗಳಲ್ಲಿ ಬೇಲಿ ಇರಲ್ಲ. ತಾಯಿ ಕುರಿ ಎಲ್ಲಿ ಮೇಯುತ್ತೋ ಮರಿನೂ ಅಲ್ಲೇ ಮೇಯ್ದು, ಇದು ನಮ್ಮ ಜಾಗ ಅಂತ ಕಲಿಯುತ್ತೆ, ಮುಂದೆ ತನ್ನ ಮರಿಗೆ ಕಲಿಸುತ್ತೆ. ಅಲ್ಲಿನೋರು ಇದನ್ನ ಹೀಫ್ ಅಂತಾರೆ. ಹಾಗಾಗಿ ಒಂದು ಮಂದೆನ ಪೂರ್ತಿ ಮಾರಿಬಿಟ್ರೆ ಹೊಸಾ ಕುರಿ ತಂದು ಬಿಟ್ಟು ಸರಿ ಮಾಡೋ ಹಾಗಿಲ್ಲ, ಆ ನೆನಪೇ ಹೋಗ್ಬಿಡುತ್ತೆ. ಇದು ಅವಳಿಗೆ ಚೆನ್ನಾಗಿ ಅರ್ಥ ಆಗಿತ್ತು, ಜಮೀನು ಒಂದೇ ಉಳಿಸಿದ್ರೆ ಸಾಲದು, ಮಂದೆ ಉಳೀಬೇಕು, ಅದನ್ನ ನೋಡ್ಕೊಳ್ಳೋ ರೈತ ಮನೆಗಳು ಉಳೀಬೇಕು.

1923ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಅನ್ನೋ ಫಾರ್ಮ್ ತಗೊಂಡ್ಲು, ಎರಡು ಸಾವಿರ ಎಕರೆ ಹತ್ತಿರ, ಕುರಿಗಳಿಗೆಲ್ಲ ಪಿತ್ತಜನಕಾಂಗದ ಹುಳದ ರೋಗ. ಔಷಧಿ ಮಾಡಿಸಿ, ಟಾಮ್ ಸ್ಟೋರಿ ಅನ್ನೋ ಪಳಗಿದ ಕುರಿಗಾಹಿನ ಕರೆಸಿ ಮಂದೆ ಎತ್ತಿ ನಿಲ್ಲಿಸಿದ್ಲು. ಆಮೇಲೆ ಟಾಮ್‌ನ ಹಿಲ್ ಟಾಪ್‌ಗೆ ಕರ್ಕೊಂಡ್ಲು, ಮೂವತ್ತರ ದಶಕದಲ್ಲಿ ಅವರ ಹೆಣ್ಣುಕುರಿಗಳು ಪ್ರದರ್ಶನಗಳಲ್ಲಿ ಬಹುಮಾನದ ಮೇಲೆ ಬಹುಮಾನ ತಂದ್ವು. 1930ರಲ್ಲಿ ಮಾಂಕ್ ಕಾನಿಸ್ಟನ್ ಅನ್ನೋ ನಾಲ್ಕು ಸಾವಿರ ಎಕರೆ ಎಸ್ಟೇಟ್ ಮಾರಾಟಕ್ಕೆ ಬಂದಾಗ, ನ್ಯಾಷನಲ್ ಟ್ರಸ್ಟ್ ಹತ್ರ ಆಗ ದುಡ್ಡಿರ್ಲಿಲ್ಲ, ಇವಳು ತಾನು ಪೂರ್ತಿ ಕೊಂಡು, ಅರ್ಧವನ್ನ ಕೊಂಡ ಬೆಲೆಗೇ ಟ್ರಸ್ಟಿಗೆ ಕೊಟ್ಲು, ಜೊತೆಗೆ ಅವರ ಪರವಾಗಿ ಎಸ್ಟೇಟ್ ನೋಡ್ಕೊಂಡ್ಲು ಕೂಡ. ಯಾವ ಮಾಡು ಸೋರ್ತಿದೆ, ಯಾವ ಗೇಟು ಮುರಿದಿದೆ ಎಲ್ಲಾ ಅವಳೇ. ಪಾದ್ರಿ ರಾನ್ಸ್‌ಲಿ ಅಷ್ಟೊತ್ತಿಗೆ ತೀರ್ಕೊಂಡು ಹತ್ತು ವರ್ಷ ಆಗಿತ್ತು.

ಈ ಕಾಲದ ಫೋಟೋಗಳು ನಂಗೆ ತುಂಬಾ ಇಷ್ಟ. ದಪ್ಪ ಟ್ವೀಡ್ ಸ್ಕರ್ಟ್, ತಲೆಗೊಂದು ಹಳೇ ಟೋಪಿ, ಕುರಿ ಪಕ್ಕ ನಿಂತಿರೋ ಗುಂಡು ಮುಖದ ಅಜ್ಜಿ. ಒಂದು ಸಲ ಮಳೇಲಿ ಹೆಗಲ ಮೇಲೆ ಗೋಣಿಚೀಲ ಹೊದ್ಕೊಂಡು ಹೋಗ್ತಿದ್ದಾಗ ಎದುರಿಗೆ ಬಂದ ಒಬ್ಬ ಅಲೆಮಾರಿ, ನಮ್ಮಂಥೋರಿಗೆ ಕಷ್ಟದ ಹವಾ ಕಣವ್ವ ಅಂದನಂತೆ. ಅದನ್ನ ಅವಳು ಎಲ್ಲರ ಹತ್ರಾನೂ ಖುಷಿಯಿಂದ ಹೇಳ್ಕೊಳ್ತಿದ್ಲು.

1943ರಲ್ಲಿ ಹರ್ಡ್‌ವಿಕ್ ತಳಿಗಾರರ ಸಂಘ ಮುಂದಿನ ಅಧ್ಯಕ್ಷೆ ಅಂತ ಅವಳನ್ನ ಆರಿಸ್ತು, ಆ ಜಾಗಕ್ಕೆ ಆಯ್ಕೆಯಾದ ಮೊದಲ ಹೆಂಗಸು. ಕುರ್ಚಿ ಮೇಲೆ ಕೂರೋಕೆ ಮುಂಚೆನೇ, ಡಿಸೆಂಬರ್ 22ರಂದು ತನ್ನ ಮನೆ ಕ್ಯಾಸಲ್ ಕಾಟೇಜ್‌ನಲ್ಲಿ ತೀರ್ಕೊಂಡ್ಲು. 4000 ಎಕರೆಗೂ ಮಿಕ್ಕಿ ಜಮೀನು, ಹತ್ತಕ್ಕೂ ಹೆಚ್ಚು ಫಾರ್ಮ್, ಮಂದೆಗಳ ಸಮೇತ ನ್ಯಾಷನಲ್ ಟ್ರಸ್ಟಿಗೆ ಸೇರೋ ಹಾಗೆ ಉಯಿಲು ಬರೆದಿಟ್ಟಿದ್ಲು, ಬೆಟ್ಟದ ಫಾರ್ಮ್‌ಗಳಲ್ಲಿ ಸಾಕೋ ಮಂದೆ ಶುದ್ಧ ಹರ್ಡ್‌ವಿಕ್ ತಳೀನೇ ಆಗಿರ್ಬೇಕು ಅಂತ ಅದರಲ್ಲೇ ಷರತ್ತು.

ಕೊನೆಗೆ ಟಾಮ್ ಸ್ಟೋರಿನ ಹಾಸಿಗೆ ಹತ್ರ ಕರೆಸ್ಕೊಂಡು, ಮಿಸ್ಟರ್ ಹೀಲಿಸ್‌ಗೋಸ್ಕರ ಫಾರ್ಮ್ ನೋಡ್ಕೊಂಡು ಹೋಗು ಅಂದಿದ್ಲು. ಬೂದಿನ ಹಿಲ್ ಟಾಪ್ ಮೇಲಿನ ಗುಡ್ಡದಲ್ಲಿ ಚೆಲ್ಲಿ ಬಂದಿದ್ದೂ ಆತನೇ. ಜಾಗ ಗುಟ್ಟಾಗಿರ್ಬೇಕು ಅನ್ನೋದು ಅವಳ ಆಸೆ, ಎಲ್ಲಿ ಅಂತ ಊರಲ್ಲಿ ಎಷ್ಟು ಜನ ಕೇಳಿದ್ರೂ ಆತ ಬಾಯಿ ಬಿಡ್ಲಿಲ್ಲ.